ಆಯ್ವಲಿಯ ಮನೆ ಸುಟ್ಟಿರಲಿಲ್ಲ

ಪ್ರಶ್ನೆ: ನಾನು ದಾವಣಗೆರೆಯವಳು, ಹದಿನಾಲ್ಕು ವರ್ಷದಿಂದ ಮೆಲ್ಬರ್ನಿನ ಓಕ್‌ಲೀ ಹತ್ತಿರ ಇದ್ದೇನೆ. ನನ್ನ ಜೊತೆ ಕೆಲಸ ಮಾಡುವ ಗ್ರೀಕ್ ಮೂಲದ ಗೆಳತಿ ತನ್ನ ಮೊದಲ ಕಾದಂಬರಿ ಬರೆಯುತ್ತಿದ್ದಾಳೆ. ಅವಳ ಮುತ್ತಜ್ಜಿ 1922ರಲ್ಲಿ, ಹನ್ನೆರಡು ವರ್ಷದ ಹುಡುಗಿಯಾಗಿದ್ದಾಗ, ಈಗ ತುರ್ಕಿಯಲ್ಲಿರುವ ಆಯ್ವಲಿಯಿಂದ ದೋಣಿ ದಾಟಿ ಎದುರಿನ ಲೆಸ್ವೋಸ್ ದ್ವೀಪ ಸೇರಿದಳಂತೆ. ಅಜ್ಜಿ 1957ರಲ್ಲಿ ಬರೀ ಫೋಟೋ ನೋಡಿ ಒಪ್ಪಿಕೊಂಡ ಗಂಡನ್ನು ಮದುವೆಯಾಗಲು ಹಡಗು ಹತ್ತಿ ಇಲ್ಲಿಗೆ ಬಂದವರು. ಅಮ್ಮ ಇಲ್ಲೇ ಹುಟ್ಟಿದವರು. ನನಗೆ ಓದುವ ಹುಚ್ಚು ಎಂದು ಗೊತ್ತಿದ್ದು ಕರಡು ನನ್ನ ಕೈಗೆ ಕೊಟ್ಟಿದ್ದಾಳೆ. ಚೆನ್ನಾಗಿದೆ, ಆದರೆ ಏನೋ ಒಂದು ಇಲ್ಲ ಅನ್ನಿಸುತ್ತಿದೆ. ಏನೆಂದು ಹೇಳಲು ಬರುತ್ತಿಲ್ಲ. ಹಳೆಯದನ್ನು ಕೇಳಿದರೆ ಅಜ್ಜಿ ಬಾಯಿ ಬಿಡುವುದಿಲ್ಲವಂತೆ, ಅದೇ ಕೊರತೆ ಎಂದು ಅವಳು ಅನ್ನುತ್ತಾಳೆ. ಅವಳ ಒಪ್ಪಿಗೆ ಪಡೆದು ಮೂರು ಅಧ್ಯಾಯ ಕಳಿಸುತ್ತಿದ್ದೇನೆ. ಗೊತ್ತಿಲ್ಲದ್ದನ್ನು ಕಲ್ಪಿಸಿ ಬರೆಯಬಹುದೇ? ಮನೆಮಾತಿನ ಗ್ರೀಕ್ ಪದಗಳನ್ನು ಏನು ಮಾಡಬೇಕು? ಮನೆಯ ಗುಟ್ಟುಗಳನ್ನು ಬರೆಯುವ ಹಕ್ಕು ಅವಳಿಗಿದೆಯೇ?

ಉತ್ತರ: ಮೂರೂ ಅಧ್ಯಾಯಗಳನ್ನು ಎರಡೆರಡು ಸಲ ಓದಿದೆ. ನಿಮ್ಮ ಗೆಳತಿಗೆ ಬರೆಯುವ ಕೈ ಇದೆ, ಅದರಲ್ಲಿ ಅನುಮಾನ ಬೇಡ. ಮೂರನೆಯ ಅಧ್ಯಾಯದಲ್ಲಿ ಅಜ್ಜಿ ದ್ರಾಕ್ಷಿ ಎಲೆಯಲ್ಲಿ ಅಕ್ಕಿ ಸುತ್ತುತ್ತಾ ಕೂತಿರುವ ಒಂದು ಪ್ಯಾರಾ ಇದೆಯಲ್ಲ, ಅಲ್ಲಿ ಆಕೆ ಹರಿದ ಎಲೆಗಳನ್ನು ಬಿಸಾಡದೆ ಪಾತ್ರೆಯ ತಳಕ್ಕೆ ಹಾಸುತ್ತಾಳೆ, ಮೇಲಿನ ಸುರುಳಿಗಳು ಸೀಯದಿರಲಿ ಎಂದು. ಅದನ್ನು ಓದಿ ಹಾಳೆ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಕಣ್ಣಾರೆ ಕಂಡವರು ಮಾತ್ರ ಹಾಗೆ ಬರೆಯಬಲ್ಲರು. ಮೊದಲ ಎರಡು ಅಧ್ಯಾಯಗಳಲ್ಲಿ ಅಂಥ ಒಂದು ಸಾಲೂ ಇಲ್ಲ. ಯಾಕಿಲ್ಲ ಎಂಬುದರಿಂದಲೇ ಶುರು ಮಾಡುತ್ತೇನೆ.

ಮೊದಲ ಅಧ್ಯಾಯ ಸ್ಮಿರ್ನಾದ ಬೆಂಕಿಯಿಂದ ಆರಂಭವಾಗುತ್ತದೆ. ಉರಿಯುವ ಬೀದಿ, ಬಂದರಿನ ದಂಡೆಯಲ್ಲಿ ಲಕ್ಷಾಂತರ ಜನ, ದೂರದಲ್ಲಿ ಸುಮ್ಮನೆ ನಿಂತ ಪರದೇಶದ ಯುದ್ಧನೌಕೆಗಳು. ಇವೆಲ್ಲ ನಡೆದದ್ದು ನಿಜ. ಗ್ರೀಸ್-ತುರ್ಕಿ ಯುದ್ಧದ ಕೊನೆಯಲ್ಲಿ, 1922ರ ಸೆಪ್ಟೆಂಬರ್ 13ರಂದು, ಇಂದಿನ ಇಜ್ಮಿರ್ ಆಗಿರುವ ಆ ನಗರಕ್ಕೆ ಬೆಂಕಿ ಬಿತ್ತು. ಆದರೆ ಅವಳ ಮುತ್ತಜ್ಜಿ ಸ್ಮಿರ್ನಾದವಳಲ್ಲ! ಆಯ್ವಲಿ ಅಲ್ಲಿಂದ ನೂರು ಕಿಲೋಮೀಟರಿಗೂ ಹೆಚ್ಚು ಉತ್ತರಕ್ಕಿದೆ, ಮತ್ತು ಆಯ್ವಲಿ ಆ ವರ್ಷ ಸುಡಲಿಲ್ಲ. ಆ ಊರಿನ ಕಲ್ಲಿನ ಮನೆಗಳು, ಎಣ್ಣೆ ಗಾಣದ ಚಿಮಣಿಗಳು, ಮಸೀದಿಯಾಗಿ ಬದಲಾದ ಚರ್ಚುಗಳು ಇವತ್ತಿಗೂ ನಿಂತಿವೆ. ಗ್ರೀಕ್ ವಲಸೆಯ ಬಗ್ಗೆ ಬರೆಯಲು ಹೊರಟ ಬಹಳ ಮಂದಿ ಹೊಸಬರು ಸ್ಮಿರ್ನಾದ ದಂಡೆಯಲ್ಲೇ ಕಾಲಿಡುತ್ತಾರೆ, ಏಕೆಂದರೆ ಫೋಟೋಗಳಿರುವುದು ಅಲ್ಲಿಯವು. ಹಾಗೆ ಮಾಡಿದಾಗ ಮನೆಯವರು ಅನುಭವಿಸಿದ ನೋವನ್ನು ಕೈಬಿಟ್ಟು ಪುಸ್ತಕದ ನೋವನ್ನು ಎರವಲು ತಂದಂತಾಗುತ್ತದೆ.

ಆಯ್ವಲಿಯ ನೋವು ಬೇರೆಯೇ ಥರದ್ದು. ತುರ್ಕಿಯ ಸೇನೆ ಬಂದ ಮೇಲೆ 18ರಿಂದ 45 ವರ್ಷದೊಳಗಿನ ಗಂಡಸರನ್ನು ಬೇರ್ಪಡಿಸಿ ದುಡಿತದ ದಂಡುಗಳಲ್ಲಿ ಒಳನಾಡಿಗೆ ನಡೆಸಿಕೊಂಡು ಹೋದರು. ಹಿಂತಿರುಗಿದವರು ಬೆರಳೆಣಿಕೆಯಷ್ಟು. ಹೆಂಗಸರು, ಮಕ್ಕಳು, ಮುದುಕರು ದೋಣಿ ಹತ್ತಿ ಲೆಸ್ವೋಸ್‌ಗೆ ಬಂದರು. ಲೆಸ್ವೋಸ್ ಎಷ್ಟು ಹತ್ತಿರವೆಂದರೆ ಈ ದಡದಲ್ಲಿ ನಿಂತರೆ ಆ ದಡದ ದೀಪಗಳು ಕಾಣುತ್ತವೆ. ಮುಂದಿನ ವರ್ಷ, 1923ರ ಜನವರಿ 30ರಂದು, ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಗ್ರೀಸ್ ಮತ್ತು ತುರ್ಕಿ ಜನರನ್ನು ಅದಲುಬದಲು ಮಾಡಿಕೊಳ್ಳುವ ಒಪ್ಪಂದವಾಯಿತು. ಗ್ರೀಸಿನ ಮುಸ್ಲಿಮರು ತುರ್ಕಿಗೆ, ತುರ್ಕಿಯ ಆರ್ಥೊಡಾಕ್ಸ್ ಕ್ರೈಸ್ತರು ಗ್ರೀಸಿಗೆ. ಇಸ್ತಾಂಬುಲ್‌ನ ಗ್ರೀಕರು, ಪಶ್ಚಿಮ ಥ್ರೇಸಿನ ಮುಸ್ಲಿಮರು ಇಂಥ ಕೆಲವರನ್ನು ಬಿಟ್ಟರೆ ಎಲ್ಲರಿಗೂ ಅದು ಕಡ್ಡಾಯ. ಯಾರು ಯಾವ ಕಡೆ ಎಂಬುದನ್ನು ಗೊತ್ತುಮಾಡಿದ್ದು ಆಡುವ ಮಾತನ್ನು ನೋಡಿ ಅಲ್ಲ, ಧರ್ಮವನ್ನು ನೋಡಿ. ಹಾಗಾಗಿ ಗ್ರೀಕ್ ಮಾತ್ರ ಬಲ್ಲ ಕ್ರೀಟ್ ದ್ವೀಪದ ಮುಸ್ಲಿಮರು ಆಯ್ವಲಿಯ ಖಾಲಿ ಮನೆಗಳಿಗೆ ಬಂದು ಇಳಿದರು. ತುರ್ಕಿ ಮಾತ್ರ ಬಲ್ಲ ಕ್ರೈಸ್ತರು ಗ್ರೀಸಿನಲ್ಲಿ ಇಳಿದರು.

ಈಗ ಆ ಹನ್ನೆರಡರ ಹುಡುಗಿಯನ್ನು ನೋಡಿ. ಅವಳ ಮನೆ ಬೂದಿಯಾಗಿಲ್ಲ. ಅದು ಎದುರು ದಡದಲ್ಲಿ ಇದೆ, ಅದರ ಕಿಟಕಿಯಲ್ಲಿ ಸಂಜೆ ಯಾರೋ ದೀಪ ಹಚ್ಚುತ್ತಿದ್ದಾರೆ, ಮತ್ತು ಆ ದೀಪ ಹಚ್ಚುತ್ತಿರುವ ಹೆಂಗಸು ಮಗುವನ್ನು ಮಲಗಿಸುತ್ತಿರುವುದು ಪ್ರಾಯಶಃ ಗ್ರೀಕ್ ಜೋಗುಳ ಹಾಡಿ. ಸುಟ್ಟುಹೋದ ಮನೆಗೆ ಒಂದು ಸಲ ಅತ್ತು ಮುಗಿಸಬಹುದು. ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಉಳಿದುಕೊಂಡ ಮನೆಗೆ ಹೇಗೆ ಅಳುವುದು? ನಿಮ್ಮ ಗೆಳತಿಗೆ ಹೇಳಿ, ಬೆಂಕಿಯ ಆ ಹದಿನೆಂಟು ಪುಟಗಳನ್ನು ಪಕ್ಕಕ್ಕಿಟ್ಟು ಈ ದೀಪವನ್ನು ಬರೆಯಲಿ.

ಎರಡನೆಯ ಅಧ್ಯಾಯದಲ್ಲಿ ಅಜ್ಜಿಯ ಹಡಗು 1957ರ ಜನವರಿಯಲ್ಲಿ ಗ್ರೀಸಿನ ಪಿರೇಯಸ್ ಬಂದರಿನಿಂದ ಹೊರಟು ಸೂಯೆಜ್ ಕಾಲುವೆ ದಾಟುತ್ತದೆ. ಪೋರ್ಟ್ ಸೈದ್‌ನಲ್ಲಿ ಸಣ್ಣ ದೋಣಿಯ ವ್ಯಾಪಾರಿಗಳಿಂದ ಅಜ್ಜಿ ಚರ್ಮದ ಚೀಲ ಕೊಳ್ಳುತ್ತಾಳೆ. ಚೆಂದದ ದೃಶ್ಯ, ಆದರೆ ನಡೆದಿರಲು ಸಾಧ್ಯವಿಲ್ಲ. 1956ರ ನವೆಂಬರಿನಿಂದ 1957ರ ಏಪ್ರಿಲ್‌ವರೆಗೆ ಸೂಯೆಜ್ ಮುಚ್ಚಿತ್ತು, ಕಾಲುವೆಯಲ್ಲಿ ಹಡಗುಗಳನ್ನು ಮುಳುಗಿಸಿದ್ದರು. ಆ ಚಳಿಗಾಲದಲ್ಲಿ ಆಸ್ಟ್ರೇಲಿಯಾಕ್ಕೆ ಹೊರಟ ಹಡಗುಗಳು ಇಡೀ ಆಫ್ರಿಕಾವನ್ನು ಸುತ್ತಿಕೊಂಡು ಬರಬೇಕಾಯಿತು. ಹಾಗಾದರೆ ಹೊರಟ ತಿಂಗಳು ತಪ್ಪಿರಬೇಕು, ಇಲ್ಲವೇ ಚೀಲದ ಕಥೆ ಬೇರೆಯವರದ್ದು, ಫ್ಯಾಕ್ಟರಿಯಲ್ಲಿ ಪಕ್ಕದಲ್ಲಿ ಕೂತು ಹೊಲಿಯುತ್ತಿದ್ದವಳಿಂದ ಕೇಳಿ ಕೇಳಿ ಅಜ್ಜಿಯದೇ ಆಗಿಬಿಟ್ಟದ್ದು. ಎರಡನೆಯದಾದರೆ ದಯವಿಟ್ಟು ಅಳಿಸಬೇಡಿ. ಆಫ್ರಿಕಾ ಸುತ್ತಿ ಬಂದ ಹೆಂಗಸು ಯಾಕೆ ಇನ್ನೊಬ್ಬಳ ಸಮುದ್ರದ ದಾರಿಯನ್ನು ತನ್ನದೆಂದು ಹೇಳಿಕೊಂಡಳು? ಆ ಪ್ರಶ್ನೆಯನ್ನು ಮೊಮ್ಮಗಳು ಕಾದಂಬರಿಯ ಒಳಗೇ ಕೇಳಲಿ. ಇದನ್ನು ಪರೀಕ್ಷಿಸುವುದು ಕಷ್ಟವೂ ಅಲ್ಲ. ಹಡಗುಗಳ ಪ್ರಯಾಣಿಕರ ಪಟ್ಟಿಗಳು, ವಲಸಿಗರ ಕಡತಗಳು ಆಸ್ಟ್ರೇಲಿಯಾದ ರಾಷ್ಟ್ರೀಯ ಪತ್ರಾಗಾರದಲ್ಲಿ ಸಿಗುತ್ತವೆ. ಎಷ್ಟೋ ಕಡತಗಳಲ್ಲಿ ಫೋಟೋ ಸಹ ಇರುತ್ತದೆ. ಊರು ಬಿಡುವ ಮುಂಚಿನ ಅಜ್ಜಿಯ ಮುಖ ಅಲ್ಲೆಲ್ಲೋ ಇರಬಹುದು.

ಇನ್ನು ಅಜ್ಜಿಯ ಮೌನ. "ಕೇಳಿದರೆ ಬಾಯಿ ಬಿಡುವುದಿಲ್ಲ" ಎಂದು ಗೆಳತಿ ಬೇಸರಪಟ್ಟಿದ್ದಾಳೆ. ಆ ಬಾಯಿ ಮುಚ್ಚಿಸಿದ್ದು ಏನೇನು ಎಂದು ಒಮ್ಮೆ ಎಣಿಸಿ ನೋಡಲಿ. ಆಯ್ವಲಿಯಂಥ ಊರುಗಳಿಂದ ಬಂದವರನ್ನು ಗ್ರೀಸಿನ ಮೂಲ ನಿವಾಸಿಗಳು ಅಪ್ಪಿಕೊಳ್ಳಲಿಲ್ಲ. 1928ರ ಜನಗಣತಿಯಂತೆ 62 ಲಕ್ಷ ಜನರಲ್ಲಿ 12 ಲಕ್ಷ ಮಂದಿ ನಿರಾಶ್ರಿತರು, ಅಂದರೆ ಐವರಲ್ಲಿ ಒಬ್ಬರು. ಇರುವ ಭೂಮಿಗೆ, ಕೂಲಿಗೆ ಪಾಲುದಾರರು ಬಂದರೆಂದು ಹಳಬರು ಅವರನ್ನು 'ತುರ್ಕೋಸ್ಪೊರಿ', ತುರ್ಕರ ಬಿತ್ತು, ಎಂದು ಕರೆದರು. 'ಮೊಸರಲ್ಲಿ ದೀಕ್ಷೆ ಪಡೆದವರು' ಎಂದೂ ಹೀಯಾಳಿಸಿದರು, ಅಂದರೆ ಇವರ ಕ್ರೈಸ್ತತನವೇ ಸಾಚಾ ಅಲ್ಲ ಎಂದು. ಮುತ್ತಜ್ಜಿ ಕೇಳಿಸಿಕೊಂಡ ಬೈಗುಳ ಅದು. ಅಜ್ಜಿ ಮೆಲ್ಬರ್ನಿಗೆ ಬಂದಾಗ ಟ್ರ್ಯಾಮಿನಲ್ಲಿ ಗ್ರೀಕ್ ಮಾತಾಡಿದ್ದಕ್ಕೆ 'ವಾಗ್' ಎನ್ನಿಸಿಕೊಂಡಳು, ಗ್ರೀಕರಂಥ ವಲಸಿಗರಿಗೆ ಅಲ್ಲಿಯ ಬೈಗುಳ ಅದು. ಅದನ್ನು ನಿಮ್ಮ ಗೆಳತಿಯೇ ಬರೆದಿದ್ದಾಳೆ. ರಜೆಯಲ್ಲಿ ಲೆಸ್ವೋಸ್‌ಗೆ ಹೋದ ಮಕ್ಕಳನ್ನು ಅಲ್ಲಿಯ ಸಂಬಂಧಿಕರು 'ಆಸ್ಟ್ರೇಲಿಯಾದವರು' ಎಂದೇ ಕರೆಯುತ್ತಾರೆ. ಗ್ರೀಸಿನಲ್ಲಿ ತುರ್ಕರು, ಆಸ್ಟ್ರೇಲಿಯಾದಲ್ಲಿ ಗ್ರೀಕರು, ಮರಳಿ ಗ್ರೀಸಿಗೆ ಹೋದರೆ ಆಸ್ಟ್ರೇಲಿಯನ್ನರು. ಹೀಗಿರುವಾಗ "ನಾವು ಯಾರು, ಎಲ್ಲಿಂದ ಬಂದೆವು, ಹೇಳಜ್ಜಿ" ಎಂದು ಮೊಮ್ಮಗಳು ಫೋನಿನ ರೆಕಾರ್ಡರ್ ಒತ್ತಿ ಎದುರಿಗೆ ಕೂತರೆ ಆಕೆ ಯಾವ ಉತ್ತರ ಕೊಡಬೇಕು?

ಅಜ್ಜನ ವಿಷಯಕ್ಕೆ ಬರೋಣ. ಕರಡಿನಲ್ಲಿ ಆತ 1948ರಿಂದ 1950ರವರೆಗೆ "ಸೈನ್ಯದಲ್ಲಿದ್ದ" ಎಂದಷ್ಟೇ ಇದೆ, ಆಮೇಲೆ ಒಂದು ಮಾತೂ ಇಲ್ಲ. ಆ ವರ್ಷಗಳು ಸರ್ಕಾರಕ್ಕೂ ಕಮ್ಯುನಿಸ್ಟರಿಗೂ ನಡೆದು 1949ರಲ್ಲಿ ಮುಗಿದ ಗ್ರೀಸಿನ ಅಂತರ್ಯುದ್ಧದ ಕೊನೆಯ ಭಾಗ ಮತ್ತು ಅದರ ಬೆನ್ನಿಗೇ ಬಂದ ಕಾಲ. ಲೆಸ್ವೋಸ್ ಎಡಪಂಥೀಯರು ಬಲವಾಗಿದ್ದ ದ್ವೀಪ, ಅದಕ್ಕೆ 'ಕೆಂಪು ದ್ವೀಪ' ಎಂದೇ ಹೆಸರು. ಸೈನ್ಯಕ್ಕೆ ಕರೆದ ಹುಡುಗರಲ್ಲಿ ಎಡಪಂಥದ ವಾಸನೆ ಇದೆ ಅನ್ನಿಸಿದವರನ್ನು ಮಕ್ರೋನಿಸೋಸ್ ಎಂಬ ಬೋಳು ದ್ವೀಪಕ್ಕೆ ಕಳಿಸಿ 'ತಿದ್ದುತ್ತಿದ್ದರು'. ಹೊಡೆತ, ಬಾಯಾರಿಕೆ, ಕಲ್ಲು ಹೊರುವ ಶಿಕ್ಷೆ. ತಪ್ಪಿಸಿಕೊಳ್ಳಲು ಇದ್ದ ದಾರಿ 'ದಿಲೋಸಿ', ಅಂದರೆ ಪಶ್ಚಾತ್ತಾಪದ ಹೇಳಿಕೆಗೆ ಸಹಿ ಹಾಕುವುದು. ಅದನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತಿದ್ದರು, ಹುಟ್ಟೂರಿನ ಚರ್ಚಿನಲ್ಲಿ ಎಲ್ಲರೆದುರು ಓದಿಸುತ್ತಿದ್ದರು. ಸಹಿ ಹಾಕದಿದ್ದರೆ ದೇಹ ಹೋಗುತ್ತಿತ್ತು, ಹಾಕಿದರೆ ಊರಲ್ಲಿ ತಲೆ ಎತ್ತುವಂತಿರಲಿಲ್ಲ. ಅದಾದ ಮೇಲೂ ಸರ್ಕಾರಿ ಕೆಲಸಕ್ಕೆ, ಪಾಸ್‌ಪೋರ್ಟಿಗೆ ಪೊಲೀಸರಿಂದ 'ಸಾಮಾಜಿಕ ನಂಬಿಕೆಗಳ ಪ್ರಮಾಣಪತ್ರ' ಬೇಕಾಗುತ್ತಿತ್ತು. ಅದು 1974ರಲ್ಲಿ ಸೈನಿಕ ಆಡಳಿತ ಬೀಳುವವರೆಗೂ ಇತ್ತು. ಆಸ್ಟ್ರೇಲಿಯಾ 1952ರಲ್ಲಿ ಗ್ರೀಸಿನೊಂದಿಗೆ ವಲಸೆ ಒಪ್ಪಂದ ಮಾಡಿಕೊಂಡಾಗ ಅದೂ ಕಮ್ಯುನಿಸ್ಟರನ್ನು ಸೋಸಿಯೇ ಒಳಗೆ ಬಿಟ್ಟದ್ದು.

ಗೆಳತಿಯ ಅಜ್ಜ ಮಕ್ರೋನಿಸೋಸ್‌ನಲ್ಲಿದ್ದ ಎಂದು ನಾನು ಹೇಳುತ್ತಿಲ್ಲ. ಎದುರು ಪಕ್ಷದಲ್ಲೂ ಇದ್ದಿರಬಹುದು, ಕಾವಲುಗಾರನಾಗಿಯೂ ಇದ್ದಿರಬಹುದು. ಆದರೆ 'ಸೈನ್ಯ' ಎಂಬ ಆ ಒಂದು ಪದವನ್ನು ಹಾಗೇ ದಾಟಿ ಮುಂದೆ ಹೋಗುವುದು ಬೇಡ. ಸೈನ್ಯದ ದಾಖಲೆಯನ್ನು ಮನೆಯವರು ಕೇಳಿ ಪಡೆಯಲು ಪ್ರಯತ್ನಿಸಲಿ. ಸಿಗದಿದ್ದರೆ ಆ ಎರಡು ವರ್ಷ ಕಾದಂಬರಿಯಲ್ಲೂ ಖಾಲಿಯಾಗಿಯೇ ಉಳಿಯಲಿ, ಖಾಲಿ ಎಂದು ಓದುಗರಿಗೆ ಗೊತ್ತಾಗುವಂತೆ.

ಕಾಗದಪತ್ರಗಳ ಬಗ್ಗೆ ಒಂದೆರಡು ಎಚ್ಚರಿಕೆ. ಶನಿವಾರದ ಗ್ರೀಕ್ ಶಾಲೆಯಲ್ಲಿ ಕಲಿತ ಭಾಷೆಯಿಂದ ಹಳೆಯ ದಾಖಲೆ ಓದಲಾಗದೆ ಗೆಳತಿ ತನ್ನನ್ನೇ ಬೈದುಕೊಂಡಿದ್ದಾಳೆ, ಪಾಪ. ತಪ್ಪು ಅವಳದ್ದಲ್ಲ. 1976ರವರೆಗೆ ಗ್ರೀಸಿನ ಕಚೇರಿಗಳು ಬಳಸುತ್ತಿದ್ದದ್ದು ಕಥಾರೆವುಸಾ ಎಂಬ, ಯಾರೂ ಮನೆಯಲ್ಲಿ ಆಡದ ಗ್ರಾಂಥಿಕ ಗ್ರೀಕ್. ಅಜ್ಜಿಗೂ ಅದು ಪೂರ್ತಿ ಅರ್ಥವಾಗುತ್ತಿರಲಿಲ್ಲ. ಇನ್ನೊಂದು, ಗ್ರೀಸ್ ಈಗಿನ ಕ್ಯಾಲೆಂಡರಿಗೆ ಬಂದದ್ದು 1923ರಲ್ಲಿ. ಆ ವರ್ಷ ಫೆಬ್ರವರಿ 15 ಆದ ಮರುಗಳಿಗೆ ಎಂಬಂತೆ ಮಾರ್ಚ್ 1 ಬಂತು, ನಡುವಿನ ಹದಿಮೂರು ದಿನ ಮಾಯ. ಮುತ್ತಜ್ಜಿಯ ಎರಡು ಕಾಗದಗಳಲ್ಲಿ ಎರಡು ಹುಟ್ಟಿದ ದಿನ ಕಂಡು ಒಂದು ಸುಳ್ಳು ಎಂದು ತೀರ್ಮಾನಿಸಿದ್ದಾಳಲ್ಲ, ಲೆಕ್ಕ ಹಾಕಿ ನೋಡಿದೆ, ಸರಿಯಾಗಿ ಹದಿಮೂರೇ ದಿನದ ಅಂತರ. ಎರಡೂ ನಿಜ.

ಅಥೆನ್ಸಿನಲ್ಲಿ ಏಷ್ಯಾ ಮೈನರ್ ಅಧ್ಯಯನ ಕೇಂದ್ರ ಎಂಬ ಸಂಸ್ಥೆ ಇದೆ. ಮೆಲ್ಪೊ ಮೆರ್ಲಿಯೆ ಎಂಬ ಸಂಗೀತ ವಿದುಷಿ 1930ರಲ್ಲಿ ಜಾನಪದ ಹಾಡು ಸಂಗ್ರಹಿಸಲು ಹೊರಟು, ಹಾಡಿಗಿಂತ ಹಾಡುವವರ ಬದುಕು ದೊಡ್ಡದೆಂದು ಕಂಡು ಕಟ್ಟಿದ ಸಂಸ್ಥೆ. ಅವರೂ ಅವರ ಸಂಗಡಿಗರೂ ದಶಕಗಟ್ಟಲೆ ನಿರಾಶ್ರಿತರ ಗುಡಿಸಲುಗಳಿಗೆ ನಡೆದು ಸುಮಾರು 5,000 ಜನರ ಮಾತನ್ನು ಬರೆದುಕೊಂಡರು. ಅದು ಸುಮಾರು 1 ಲಕ್ಷ 45 ಸಾವಿರ ಪುಟ. ಮುತ್ತಜ್ಜಿಯ ಮಾತು ಅದರಲ್ಲಿ ಇಲ್ಲದೆ ಹೋದರೂ ಅದೇ ಸಮುದ್ರ ದಾಟಿದ ಇನ್ನೊಬ್ಬ ಹುಡುಗಿಯ ಮಾತು ಇರಬಹುದು. ದೋಣಿಯಲ್ಲಿ ಏನು ತಿಂದರು, ಬೀಗದ ಕೈ ಯಾರ ಸೊಂಟದಲ್ಲಿತ್ತು, ಕೋಳಿಗಳನ್ನು ಬಿಟ್ಟು ಬಂದರೋ ಕೊಯ್ದು ಬಂದರೋ, ಇಂಥವು ಸಿಗುವುದು ಅಂಥ ಮಾತುಗಳಲ್ಲಿ. ನಿಮ್ಮ ಮೊದಲ ಪ್ರಶ್ನೆಗೂ ಇದರಲ್ಲೇ ಉತ್ತರವಿದೆ. ಕಲ್ಪಿಸಬಹುದು, ಕಲ್ಪಿಸಲೇಬೇಕು, ಅದು ಕಾದಂಬರಿಕಾರರ ಕೆಲಸ. ಆದರೆ ಕಲ್ಪನೆಗೆ ಒಬ್ಬ ಮನುಷ್ಯಳ ಸೊಂಟದ ಬೀಗದ ಕೈಯಷ್ಟಾದರೂ ತೂಕ ಬೇಕು. ಕಂಡರಿಯದ ಬೆಂಕಿಗಿಂತ ಕೇಳಿ ತಿಳಿದ ಕೋಳಿ ಮೇಲು.

ಇಷ್ಟೆಲ್ಲ ಹೇಳಿದರೂ, ನೀವು ಕೇಳಿದ "ಏನೋ ಒಂದು ಇಲ್ಲ" ಎಂಬುದು ಇವುಗಳಲ್ಲಿ ಯಾವುದೂ ಅಲ್ಲ. ಎರಡನೆಯ ಸಲ ಓದುವಾಗ ನನಗದು ಹೊಳೆಯಿತು. ಕರಡಿನಲ್ಲಿ ಅಮ್ಮ ಇಲ್ಲ.

ಹುಡುಕಿ ನೋಡಿ. ಮುತ್ತಜ್ಜಿಗೆ ಒಂದು ಅಧ್ಯಾಯ, ಅಜ್ಜಿಗೆ ಒಂದು, ಮೊಮ್ಮಗಳಿಗೆ ಒಂದು. ಅಮ್ಮ ಬಾಗಿಲು ತೆಗೆಯುತ್ತಾರೆ, ಕಾರು ಓಡಿಸುತ್ತಾರೆ, "ಅಜ್ಜಿಗೆ ಸುಸ್ತಾಗಿದೆ, ಬಿಡು" ಎನ್ನುತ್ತಾರೆ. ಅವರಿಗೊಂದು ಹೆಸರೂ ಇಲ್ಲ, 'ಮಮ್' ಅಷ್ಟೇ. ವಲಸೆ ಮನೆತನಗಳ ಮೂರನೆಯ ತಲೆಮಾರಿನವರು ಬರೆದ ಎಷ್ಟೋ ಕರಡುಗಳಲ್ಲಿ ಇದನ್ನು ಕಂಡಿದ್ದೇನೆ. ಅಜ್ಜಿ ದೂರದ ದ್ವೀಪದವಳು, ಅವಳಿಗೊಂದು ಹಡಗಿದೆ, ಪೆಟ್ಟಿಗೆಯಿದೆ, ಕಸೂತಿಯ ಹೊದಿಕೆಯಿದೆ. ಅಮ್ಮನಿಗೆ ಏನಿದೆ? ರಿಚ್ಮಂಡಿನ ಬಾಡಿಗೆ ಮನೆ, ಸರ್ಕಾರಿ ಶಾಲೆ, ಮನೆಯಲ್ಲೇ ಹೊಲಿಗೆ ಹೊಲಿಯುವ ತಾಯಿಗೆ ಗುಂಡಿ ಎಣಿಸಿಕೊಡುವ ಕೆಲಸ. ಕಥೆಯಂತೆ ಕಾಣದ್ದರಿಂದ ದಾಟಿ ಹೋಗುತ್ತಾರೆ.

ಆದರೆ ದಾಟಿಸಿದವರು ಅವರೇ ಅಲ್ಲವೇ? ಲೆಕ್ಕ ಹಾಕಿ. ಅಮ್ಮ ಹುಟ್ಟಿದ್ದು 1959ರಲ್ಲಿ ಎಂದು ಕರಡಿನ ಒಂದು ಮೂಲೆಯಲ್ಲಿದೆ. ಆಸ್ಟ್ರೇಲಿಯಾ ಸರ್ಕಾರ ದೂರವಾಣಿಯಲ್ಲಿ ದುಭಾಷಿಗಳನ್ನು ಒದಗಿಸಲು ಶುರು ಮಾಡಿದ್ದು 1973ರಲ್ಲಿ. ಅದಕ್ಕೆ ಮುಂಚೆ ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ, ಮನೆ ಮಾಲೀಕನೆದುರು ತಂದೆತಾಯಿಗೆ ದುಭಾಷಿಗಳಾಗಿದ್ದವರು ಮನೆಯ ಮಕ್ಕಳು. ಎರಡನೆಯ ಅಧ್ಯಾಯದಲ್ಲಿ ಒಂದು ಸಾಲು ಇದೆ, ನೀವೂ ಗಮನಿಸಿರಲಿಕ್ಕಿಲ್ಲ. 1968ರಲ್ಲಿ ಅಜ್ಜಿಗೆ ಗರ್ಭಪಾತವಾಯಿತು, "ಡಾಕ್ಟರು ಎಲ್ಲ ವಿವರಿಸಿದರು". ಯಾವ ಭಾಷೆಯಲ್ಲಿ ವಿವರಿಸಿದರು? ಅಜ್ಜಿಗೆ ಇಂಗ್ಲಿಷ್ ಬಾರದು, ಅಜ್ಜ ಹಗಲು ಪಾಳಿಯಲ್ಲಿ ಕಾರಿನ ಕಾರ್ಖಾನೆಯಲ್ಲಿದ್ದಾನೆ. ಮಂಚದ ಪಕ್ಕ ನಿಂತು, ಡಾಕ್ಟರ ಮಾತನ್ನು ತಾಯಿಗೆ ಗ್ರೀಕಿನಲ್ಲಿ ಹೇಳಿದ್ದು ಯಾರಿರಬಹುದು? ಒಂಬತ್ತು ವರ್ಷದ ಹುಡುಗಿ. ಆ ಪದಗಳಿಗೆ ಗ್ರೀಕಿನಲ್ಲಿ ಏನನ್ನುತ್ತಾರೆಂದು ಅವಳಿಗೆ ಗೊತ್ತಿತ್ತೇ? ಗೊತ್ತಿಲ್ಲದಾಗ ಏನು ಹೇಳಿದಳು? ತಾಯಿ ಅತ್ತಾಗ ಎಷ್ಟನ್ನು ಹೇಳಿದಳು, ಎಷ್ಟನ್ನು ನುಂಗಿದಳು?

ನಿಮ್ಮ ಗೆಳತಿ ಇದನ್ನು ಅಮ್ಮನಲ್ಲಿ ಕೇಳಿಲ್ಲ ಎಂದು ನನಗೆ ಹೆಚ್ಚುಕಡಿಮೆ ಖಾತ್ರಿಯಿದೆ. ಅಮ್ಮ ಇಪ್ಪತ್ತು ನಿಮಿಷದ ದಾರಿಯಲ್ಲಿದ್ದಾರೆ, ಇಂಗ್ಲಿಷ್ ಬಲ್ಲರು, ಎದುರಿಗೆ ಕೂತರೆ ಮಾತಾಡುತ್ತಾರೆ. ಅವರನ್ನು ಯಾರೂ ಕೇಳಿಯೇ ಇಲ್ಲ, ಅಷ್ಟೆ. ಅಜ್ಜಿಯ ಮೌನದ ಮುಂದೆ ಕೂತು ಸೋತವಳಿಗೆ ಪಕ್ಕದ ಕೋಣೆಯ ಮಾತು ಕೇಳಿಸಿಲ್ಲ.

2021ರ ಆಸ್ಟ್ರೇಲಿಯಾದ ಜನಗಣತಿಯಲ್ಲಿ ತಾವು ಗ್ರೀಕ್ ಮೂಲದವರು ಎಂದವರು 4 ಲಕ್ಷ 24 ಸಾವಿರಕ್ಕೂ ಹೆಚ್ಚು. ಮನೆಯಲ್ಲಿ ಗ್ರೀಕ್ ಆಡುತ್ತೇವೆ ಎಂದವರು ಸುಮಾರು 2 ಲಕ್ಷ 30 ಸಾವಿರ. ಗ್ರೀಸಿನಲ್ಲೇ ಹುಟ್ಟಿದವರು ಸುಮಾರು 92 ಸಾವಿರ. ಮೂಲ ಹೇಳಿಕೊಳ್ಳುವವರಿಗೂ ಮನೆಯಲ್ಲಿ ಆ ಮಾತು ಉಳಿದವರಿಗೂ ನಡುವೆ ಸುಮಾರು ಎರಡು ಲಕ್ಷ ಜನರ ಅಂತರವಿದೆ. ಬಹಳಷ್ಟು ಮನೆಗಳಲ್ಲಿ ಆ ಅಂತರ ಹುಟ್ಟಿದ್ದು ಅಮ್ಮನ ಕಾಲದಲ್ಲಿ. ಅವರು ತಾಯಿಯ ಜೊತೆ ಗ್ರೀಕ್, ಮಗಳ ಜೊತೆ ಇಂಗ್ಲಿಷ್ ಮಾತಾಡುತ್ತಾರೆ. ಅಜ್ಜಿ ಮೊಮ್ಮಗಳ ನಡುವಿನ ಪ್ರತಿ ಗಂಭೀರ ಮಾತೂ ಅವರ ಮೂಲಕವೇ ಹೋಗುತ್ತದೆ. "ಅಜ್ಜಿ ಬಾಯಿ ಬಿಡುವುದಿಲ್ಲ" ಎಂಬ ಮಾತನ್ನೂ ಗೆಳತಿಗೆ ಅನುವಾದ ಮಾಡಿ ಹೇಳಿದವರು ಅವರೇ ಇರಬಹುದು. ಆಸ್ಪತ್ರೆಯಲ್ಲಿ ಒಂಬತ್ತರ ವಯಸ್ಸಿಗೆ ಕಲಿತ ವಿದ್ಯೆ, ಏನನ್ನು ದಾಟಿಸಬೇಕು, ಏನನ್ನು ತಡೆಯಬೇಕು ಎಂಬುದು, ಇನ್ನೂ ನಡೆಯುತ್ತಿರಬಹುದು. ನೀವೂ ಅಲ್ಲಿ ಮಕ್ಕಳನ್ನು ಬೆಳೆಸುತ್ತಿದ್ದರೆ, ದಾವಣಗೆರೆಯಿಂದ ಅಜ್ಜಿ ಫೋನ್ ಮಾಡಿದಾಗ ಆ ಕಡೆ ಈ ಕಡೆ ಮಾತು ದಾಟಿಸುವವರ ಪಾಡು ನಿಮಗೆ ನಾನು ಹೇಳಬೇಕಾಗಿಲ್ಲ.

ಗ್ರೀಕ್ ಪದಗಳ ಪ್ರಶ್ನೆಯೂ ಇಲ್ಲಿಗೇ ಬಂದು ಸೇರುತ್ತದೆ. ಈಗ ಕರಡಿನಲ್ಲಿ ಯಾಯಾ, ಪಪ್ಪೂ, ಕ್ಸೆನಿತ್ಯಾ ಎಲ್ಲವೂ ಓರೆ ಅಕ್ಷರದಲ್ಲಿವೆ, ಪಕ್ಕದಲ್ಲೇ ಅರ್ಥವೂ ಇದೆ. ಯಾಯಾ ಎಂದರೆ ಅಜ್ಜಿ, ಪಪ್ಪೂ ಎಂದರೆ ಅಜ್ಜ ಎಂದು ಎರಡನೇ ಸಲ ಬಂದಾಗ ಯಾರಿಗಾದರೂ ತಿಳಿಯುತ್ತದೆ, ಆ ವಿವರಣೆ ತೆಗೆಯಲಿ. ಕ್ಸೆನಿತ್ಯಾಗೆ ಒಂದೇ ಪದದ ಅರ್ಥ ಕೊಡಲು ಹೋಗಬಾರದು. ಪರದೇಶದ ವಾಸ, ಅದರ ಸಂಕಟ, ಆ ದೇಶ, ಮೂರೂ ಅದರಲ್ಲಿವೆ. ಅದರ ಬೇರಿನ ಕ್ಸೆನೋಸ್ ಎಂಬ ಪದಕ್ಕೆ ಪರಕೀಯ ಎಂಬ ಅರ್ಥವೂ ಇದೆ, ಅತಿಥಿ ಎಂಬ ಅರ್ಥವೂ ಇದೆ. ನಾಲ್ಕು ಸನ್ನಿವೇಶಗಳಲ್ಲಿ ನಾಲ್ಕು ಜನರ ಬಾಯಲ್ಲಿ ಆ ಪದ ಬರಲಿ, ಓದುಗರೇ ಕಲಿಯುತ್ತಾರೆ. ಆದರೆ ಇವು ನಿಘಂಟಿನಲ್ಲಿ ಸಿಗುವ ಪದಗಳು. ಮೆಲ್ಬರ್ನಿನ ಅಡುಗೆಮನೆಯಲ್ಲಷ್ಟೇ ಹುಟ್ಟಿದ ಪದಗಳು ಎಲ್ಲಿ? ಅಲ್ಲಿಯ ಹಳಬರು ಕಾರಿಗೆ 'ಕಾರೊ', ಮಾರ್ಕೆಟ್ಟಿಗೆ 'ಮಾರ್ಕೆತಾ', ಮನೆಯ ಮಾಡಿಗೆ 'ರೂಫಿ' ಅನ್ನುತ್ತಾರೆ. ಗ್ರೀಸಿನ ಗ್ರೀಕಿನಲ್ಲಿ ಕಾರೊ ಎಂದರೆ ಎತ್ತಿನಗಾಡಿ, ಕುದುರೆಗಾಡಿ. ಮೊದಲ ಸಲ ಲೆಸ್ವೋಸ್‌ಗೆ ಹೋದ ಹುಡುಗಿ "ನಮ್ಮಪ್ಪ ಹೊಸ ಕಾರೊ ತಗೊಂಡರು" ಎಂದು ಹೆಮ್ಮೆಯಿಂದ ಹೇಳಿದಾಗ ದೊಡ್ಡಮ್ಮನ ಮಕ್ಕಳ ಮುಖದಲ್ಲಿ ಏನಾಗಿರಬಹುದು ಯೋಚಿಸಿ. ತನ್ನ ಮನೆಮಾತು ಎಂದುಕೊಂಡದ್ದು ಇನ್ನೆಲ್ಲೂ ಇಲ್ಲದ ಮಾತು ಎಂದು ಆ ಗಳಿಗೆ ಅವಳಿಗೆ ಗೊತ್ತಾಗುತ್ತದೆ. ಇದೂ ಅಮ್ಮನ ತಲೆಮಾರಿನ ಅನುಭವವೇ.

ಅಜ್ಜಿಯನ್ನು ಕೇಳುವುದನ್ನು ನಿಲ್ಲಿಸಬೇಕು ಎಂದಲ್ಲ. ಕೇಳುವ ರೀತಿ ಬದಲಾಗಲಿ. ನಾನು ಕೆಲವು ಕಾಲ ಮೆಲ್ಬರ್ನಿನ ನಾರ್ತ್‌ಕೋಟ್‌ನಲ್ಲಿದ್ದಾಗ ಬೇಲಿಯಾಚೆ ಒಬ್ಬ ಗ್ರೀಕ್ ಅಜ್ಜಿ ಇದ್ದರು. ಹಿತ್ತಲಲ್ಲಿ ನಿಂಬೆ, ಅಂಜೂರ, ಒಂದು ಆಲಿವ್ ಮರ. ಊರಿನ ಬಗ್ಗೆ ಕೇಳಿದರೆ "ಬಡತನ" ಎಂದು ಒಂದೇ ಪದ ಹೇಳಿ ಕೈ ಕೊಡವುತ್ತಿದ್ದರು. ಒಂದು ದಿನ ಅಂಜೂರದ ಕೊಂಬೆ ಕತ್ತರಿಸುವಾಗ ಕತ್ತಿಯನ್ನು ಹಾಗೆ ಓರೆಯಾಗಿ ಹಿಡಿಯುವುದನ್ನು ಯಾರು ಕಲಿಸಿದರು ಎಂದು ಸುಮ್ಮನೆ ಕೇಳಿದೆ. ಮುಕ್ಕಾಲು ಗಂಟೆ ಮಾತಾಡಿದರು, ತಂದೆಯ ಬಗ್ಗೆ, 1941ರ ಹಸಿವಿನ ಚಳಿಗಾಲದ ಬಗ್ಗೆ, ಸತ್ತ ತಮ್ಮನ ಬಗ್ಗೆ. ಕಣ್ಣು ಕೊಂಬೆಯ ಮೇಲೇ ಇತ್ತು. ಕೈಗೆ ಕೆಲಸ ಇದ್ದಾಗ ಬಾಯಿಗೆ ಭಯ ಕಡಿಮೆ. ರೆಕಾರ್ಡರ್ ಆರಿಸಿ, ಪಕ್ಕದಲ್ಲಿ ಕೂತು ಎಲೆ ಸುತ್ತಲಿ. "ನಿನ್ನ ಕಥೆ ಹೇಳು" ಅನ್ನದೆ, "ಪೆಟ್ಟಿಗೆಯಲ್ಲಿ ಎಷ್ಟು ಹಾಸು ತಂದಿದ್ದೆ, ಅದರಲ್ಲಿ ಯಾವುದನ್ನು ಬಳಸಲೇ ಇಲ್ಲ" ಎಂದು ಕೇಳಲಿ.

ಪೆಟ್ಟಿಗೆಯಲ್ಲಿ ಹಳೆಯ ಕಾಗದಗಳಿವೆ, ಆದರೆ "ಎಲ್ಲವೂ ಒಂದೇ ಥರ, ಉಪಯೋಗವಿಲ್ಲ" ಎಂದು ಗೆಳತಿ ಟಿಪ್ಪಣಿ ಬರೆದಿದ್ದಾಳೆ. ಆ ಕಾಲದ ಗ್ರೀಕ್ ಕಾಗದಗಳು "ಮೊದಲಾಗಿ ನಿಮ್ಮ ಆರೋಗ್ಯ ಕೇಳುತ್ತೇನೆ, ನಮ್ಮದನ್ನು ಕೇಳಿದರೆ ನಾವು ಆರೋಗ್ಯವಾಗಿದ್ದೇವೆ" ಎಂದೇ ಶುರುವಾಗುತ್ತಿದ್ದವು. ನಮ್ಮ ಹಿರಿಯರ "ಉಭಯ ಕುಶಲೋಪರಿ ಸಾಂಪ್ರತ" ಇದ್ದಂತೆ. ಆ ಸಾಲುಗಳನ್ನು ಬಿಟ್ಟು, ಅವು ಎಲ್ಲಿ ಮುರಿಯುತ್ತವೆ ನೋಡಲಿ. ಯಾವ ಕಾಗದದಲ್ಲಿ ಆರೋಗ್ಯದ ಸಾಲು ಇಲ್ಲ? ಯಾವ ವರ್ಷ ಕೈಬರಹ ಬದಲಾಯಿತು? ಬರೆದುಕೊಡುತ್ತಿದ್ದವರು ಸತ್ತರೋ, ಊರು ಬಿಟ್ಟರೋ?

ಕೊನೆಯ ಪ್ರಶ್ನೆ, ಗುಟ್ಟಿನದು. ಲೆಸ್ವೋಸ್‌ನಲ್ಲಿ ಅಜ್ಜಿಗೆ ಇನ್ನೊಬ್ಬ ಹುಡುಗನ ಜೊತೆ ಮಾತುಕತೆ ಆಗಿತ್ತು, ವರದಕ್ಷಿಣೆ ಹೊಂದದೆ ಮುರಿಯಿತು, ಅದಕ್ಕೇ ಫೋಟೋದ ಗಂಡು ಎಂಬ ಸಂಗತಿ ಗೆಳತಿಗೆ ಅತ್ತೆಯೊಬ್ಬರಿಂದ ತಿಳಿದಿದೆ. ಅದು ಆ ಕಾಲದ ಸಾವಿರಾರು ಹುಡುಗಿಯರ ಕಥೆ. ಗ್ರೀಸಿನಲ್ಲಿ ವರದಕ್ಷಿಣೆಯನ್ನು ಕಾನೂನಿನಿಂದ ತೆಗೆದದ್ದು 1983ರಲ್ಲಿ, ಮತ್ತು ಹೆಣ್ಣುಮಕ್ಕಳು ಒಬ್ಬರೇ ಹಡಗು ಹತ್ತಿದ್ದಕ್ಕೆ ಅದೊಂದು ದೊಡ್ಡ ಕಾರಣ. ಬರೆಯಬಹುದು. ಆದರೆ ಅಜ್ಜಿ ಬದುಕಿದ್ದಾರೆ. ಅಚ್ಚಾದ ಮೇಲೆ ಚರ್ಚಿನ ಅಂಗಳದಲ್ಲಿ ಯಾರದೋ ಬಾಯಿಂದ ಅವರಿಗೆ ತಿಳಿಯುವಂತಾಗಬಾರದು. ಅಚ್ಚಿಗೆ ಹೋಗುವ ಮುಂಚೆ ಆ ಪುಟಗಳನ್ನು ಅವರಿಗೆ ಗ್ರೀಕಿನಲ್ಲಿ ಓದಿ ಹೇಳಬೇಕು. ಬೇಡ ಎಂದರೆ ಹೆಸರು, ಊರು, ಹುಡುಗನ ಕಸುಬು ಬದಲಿಸಿ ಬೇರೆ ಪಾತ್ರಕ್ಕೆ ಕೊಡಬಹುದು. ಓದಿ ಹೇಳುವುದು ಯಾರು? ಗೆಳತಿಯ ಗ್ರೀಕ್ ಅಷ್ಟು ಗಟ್ಟಿಯಿಲ್ಲ. ಮತ್ತೆ ಅಮ್ಮನೇ ಬೇಕು, ಮಂಚದ ಪಕ್ಕ ನಿಂತಂತೆ ಇಬ್ಬರ ನಡುವೆ. ಆ ಓದು ನಡೆಯುವ ಸಂಜೆಯೇ ಕಾದಂಬರಿಯ ಅಧ್ಯಾಯವಾದರೆ ನನಗಂತೂ ಬಹಳ ಸಂತೋಷ.

ಅದಕ್ಕೆ ಮುಂಚೆ ಒಂದು ಸಣ್ಣ ಕೆಲಸ ಆಗಲಿ. ಅಮ್ಮನಿಗೆ ಕಾದಂಬರಿಯಲ್ಲಿ ಹೆಸರು ಬರಲಿ. ಗ್ರೀಕರಲ್ಲಿ ಮಕ್ಕಳಿಗೆ ಅಜ್ಜ ಅಜ್ಜಿಯರ ಹೆಸರಿಡುವುದು ರೂಢಿ, ಮತ್ತು ಏಜಿಯನ್ ದ್ವೀಪಗಳ ಹಲವು ಕಡೆ ಮೊದಲ ಮಗಳಿಗೆ ತಾಯಿಯ ತಾಯಿಯ ಹೆಸರು ಹೋಗುತ್ತದೆ. ಗೆಳತಿಯ ಅಮ್ಮ ಮೊದಲ ಮಗಳು. ಅವರ ಪೂರ್ತಿ ಹೆಸರು, ಶಾಲೆಯಲ್ಲಿ ಇಂಗ್ಲಿಷಿಗೆ ಕತ್ತರಿಸುವ ಮುಂಚಿನದು, ಏನೆಂದು ಕೇಳಿ ನೋಡಿ. ಆಯ್ವಲಿಯ ದೀಪ ನೋಡುತ್ತಾ ದಡದಲ್ಲಿ ನಿಂತಿದ್ದ ಹನ್ನೆರಡರ ಹುಡುಗಿಯ ಹೆಸರೇ ಆಗಿದ್ದರೆ, ಅದನ್ನು ಮೊದಲ ಪುಟದಲ್ಲೇ ಬರೆಯಲಿ. ನಾಲ್ಕನೆಯ ಅಧ್ಯಾಯ ಆದಾಗ ನನಗೂ ಕಳಿಸಿ.